ಮತ್ತೆ ಉಪ್ಪುನೀರಿನ ಕಡೆಗೆ

ಬೆಳಗಾವಿಯ ಅನಗೋಳ, ಟಿಳಕವಾಡಿ, ವಡಗಾವಿಯ ಮನೆಗಳ ಅಟ್ಟದಲ್ಲಿ ಹುಡುಕಿದರೆ ಎಷ್ಟೋ ಕಡೆ ಹಳೆಯದೊಂದು ಗಾಜಿನ ಟ್ಯಾಂಕ್ ಸಿಗುತ್ತದೆ. ಮೂಲೆಯ ಸಿಲಿಕೋನ್ ಹಳದಿಗಟ್ಟಿರುತ್ತದೆ. ಒಳಗೆ ಹಳೆ ಪಠ್ಯಪುಸ್ತಕ, ದೀಪಾವಳಿಯ ಆಕಾಶಬುಟ್ಟಿ ಸೇರಿಕೊಂಡಿರುತ್ತವೆ. 2003ರಲ್ಲಿ ‘ಫೈಂಡಿಂಗ್ ನೀಮೋ’ ಸಿನಿಮಾ ಬಂದ ಮೇಲೆ, ಕಿತ್ತಳೆ ಮೈಯ ಬಿಳಿ ಪಟ್ಟೆಯ ಮೀನು ಬೇಕೇ ಬೇಕು ಎಂದು ಹಟ ಹಿಡಿದ ಮಕ್ಕಳಿಗಾಗಿ ತಂದವು ಅವುಗಳಲ್ಲಿ ಕೆಲವು. ಆಗ ಆ ಮೀನು ಸಿಗಲಿಲ್ಲ, ಗೋಲ್ಡ್‌ಫಿಶ್ ಬಂತು. ಪರೀಕ್ಷೆ, ಕಾಲೇಜು, ನೌಕರಿ ಎನ್ನುತ್ತ ಅದೂ ನಿಂತಿತು. ಆ ಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಪುಣೆ, ಬೆಂಗಳೂರಿನ ಬಾಡಿಗೆ ಮನೆಗಳ ದಿನ ಮುಗಿಸಿ ಊರಿಗೆ ಮರಳಿದ ಕೆಲವರ ಮನಸ್ಸಿನಲ್ಲಿ ಆ ಟ್ಯಾಂಕ್ ಮತ್ತೆ ಎದ್ದು ಕೂತಿದೆ. ಈ ಸಲ ಸಿಹಿನೀರು ಬೇಡ, ಚಿಕ್ಕದಾದರೂ ಒಂದು ರೀಫ್, ಅಂದರೆ ಹವಳದ ದಿಬ್ಬದಂಥ ಉಪ್ಪುನೀರಿನ ಟ್ಯಾಂಕ್ ಬೇಕು ಎನ್ನುವುದು ಅವರ ಆಸೆ.

ಆಸೆ ಈಡೇರುವಂಥದ್ದೇ. ಆದರೆ ಹಾಗೆ ಮರಳುವವರು ಮೊದಲು ನೋಡುವುದು ಯಂತ್ರಗಳ ಪಟ್ಟಿಯನ್ನು: ಪ್ರೋಟೀನ್ ಸ್ಕಿಮ್ಮರ್, ಚಿಲ್ಲರ್, ಕ್ಯಾಲ್ಸಿಯಂ ರಿಯಾಕ್ಟರ್, ಹನಿಹನಿಯಾಗಿ ರಾಸಾಯನಿಕ ಬಿಡುವ ಪಂಪುಗಳು, ಮೊಬೈಲ್‌ನಿಂದ ಆಡಿಸುವ ದೀಪಗಳು. ಪಟ್ಟಿ ನೋಡಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಉಳಿದವರು ಎಲ್ಲವನ್ನೂ ಕೊಂಡು, ಯಾವುದು ಯಾತಕ್ಕೆ ಎಂದು ತಿಳಿಯದೆ ಬೇಸರಪಡುತ್ತಾರೆ. ನನ್ನ ನಂಬಿಕೆ ಬೇರೆ. ಗಟ್ಟಿ ಹವಳ ಬೇಡ ಎಂದು ನಿರ್ಧರಿಸಿದ ಕ್ಷಣವೇ ಆ ಯಂತ್ರಗಳಲ್ಲಿ ಹೆಚ್ಚಿನವು ಬೇಡವಾಗುತ್ತವೆ. ನಮ್ಮ ದೇಶದ ಕಾನೂನು ಕೇಳುವುದೂ ಅದನ್ನೇ, ಸಮುದ್ರದ ಇಂದಿನ ಸ್ಥಿತಿ ಕೇಳುವುದೂ ಅದನ್ನೇ. ಹಾಗಾಗಿ ಸರಳವಾದ ದಾರಿಯೇ ಇಲ್ಲಿ ಸರಿಯಾದ ದಾರಿಯೂ ಹೌದು.

ಈ ಸರಳತೆಗೆ ಒಂದು ಇತಿಹಾಸವಿದೆ. 1960ರ ಆಸುಪಾಸಿನಲ್ಲಿ ಯುರೋಪು, ಅಮೆರಿಕದ ಹವ್ಯಾಸಿಗಳು ಸತ್ತ ಹವಳದ ಅಸ್ಥಿಪಂಜರಗಳನ್ನು ಬ್ಲೀಚ್ ಹಾಕಿ ತೊಳೆದು, ಬೆಳ್ಳಗೆ ಮಾಡಿ ಟ್ಯಾಂಕಿನಲ್ಲಿಡುತ್ತಿದ್ದರು. ಎಲ್ಲವೂ ಶುದ್ಧವಾಗಿರಬೇಕು, ಒಂದು ಎಳೆ ಪಾಚಿಯೂ ಕಾಣಬಾರದು ಎನ್ನುವುದು ಅವರ ಹಂಬಲ. ಮೀನುಗಳು ಮಾತ್ರ ಬೇಗ ಬೇಗ ಸಾಯುತ್ತಿದ್ದವು. ಅದೇ ಹೊತ್ತಿಗೆ ಇಂಡೊನೇಷ್ಯಾದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎಂಬವರು ತದ್ವಿರುದ್ಧ ದಾರಿ ಹಿಡಿದಿದ್ದರು. ಸಮುದ್ರದಿಂದ ತಂದ ಕಲ್ಲನ್ನು ಅವರು ತೊಳೆಯಲಿಲ್ಲ. ಅದರ ಮೇಲಿದ್ದ ಪಾಚಿ, ಸ್ಪಂಜು, ಹುಳು, ಬ್ಯಾಕ್ಟೀರಿಯಾ ಎಲ್ಲವನ್ನೂ ಹಾಗೇ ಟ್ಯಾಂಕಿಗೆ ಬಿಟ್ಟರು. ಸಮುದ್ರದ ನೀರು, ಬಿಸಿಲು, ಸಣ್ಣಗೆ ಏಳುವ ಗಾಳಿಯ ಗುಳ್ಳೆ; ಅಷ್ಟೇ ಅವರ ವ್ಯವಸ್ಥೆ. 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಅದನ್ನು ಅವರು ಬರೆದಾಗ ಓದಿದವರಲ್ಲಿ ಹಲವರು ನಂಬಲಿಲ್ಲ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಅದೇ ಜೀವಂತ ಕಲ್ಲಿಗೆ ಸ್ಕಿಮ್ಮರ್ ಮತ್ತು ಪ್ರಖರ ದೀಪ ಸೇರಿಸಿದರು. ಇಂದು ಜಗತ್ತಿನಲ್ಲಿರುವ ಬಹುಪಾಲು ರೀಫ್ ಟ್ಯಾಂಕುಗಳು ಅವರ ಸಂತತಿ. ಆದರೆ ಮೂಲ ವಿಚಾರ ಜಕಾರ್ತದ್ದು: ಟ್ಯಾಂಕನ್ನು ನಡೆಸುವುದು ಕಲ್ಲು, ಮತ್ತು ಕಲ್ಲಿನೊಳಗಿನ ಜೀವ.

ಕಲ್ಲು ಮಾಡುವ ಕೆಲಸ ಏನು? ಮೀನು ತನ್ನ ಕಿವಿರುಗಳಿಂದ ಅಮೋನಿಯಾವನ್ನು ಸದಾ ಹೊರಬಿಡುತ್ತಿರುತ್ತದೆ. ತಿನ್ನದೆ ಉಳಿದ ಕಾಳು ಕೊಳೆತರೂ ಅಮೋನಿಯಾವೇ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅಲ್ಲಿ ಅಮೋನಿಯಾದ ವಿಷ ಸಾಧಾರಣ ಸಿಹಿನೀರಿಗಿಂತ ತೀವ್ರ. ಕಲ್ಲಿನ ಮೈಮೇಲೆ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ. ನೈಟ್ರೈಟೂ ಮೀನಿಗೆ ಒಳ್ಳೆಯದಲ್ಲ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದರಿಂದ ಅಷ್ಟು ಅಪಾಯವಿಲ್ಲ, ಹೆಚ್ಚಾದರೆ ಪಾಚಿ ಬೆಳೆಯುತ್ತದೆ. ಕಲ್ಲಿನ ಆಳದ ರಂಧ್ರಗಳಲ್ಲಿ, ಆಮ್ಲಜನಕ ತಲುಪದ ಜಾಗದಲ್ಲಿ, ಮೂರನೆಯ ಬಗೆಯವು ನೈಟ್ರೇಟನ್ನು ಒಡೆದು ನೈಟ್ರೋಜನ್ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಒಂದೇ ಕಲ್ಲಿನ ಹೊರಮೈಯಲ್ಲೊಂದು ಕಾರ್ಖಾನೆ, ಒಳಗೊಂದು. ಇದಕ್ಕೆ ಕರೆಂಟು ಬೇಕಿಲ್ಲ, ಮೇಲೆ ನೀರು ಹರಿಯುತ್ತಿದ್ದರೆ ಸಾಕು.

ಹಾಗಾದರೆ ಆ ಕಲ್ಲನ್ನು ಎಲ್ಲಿಂದ ತರಬೇಕು? ಲೀ ಅವರು ಸಮುದ್ರದಿಂದ ತಂದರು. ನಾವು ತರುವಂತಿಲ್ಲ, ತರಲೂ ಬಾರದು.

ಬೆಳಗಾವಿಗೆ ಹವಳದ ಸಮುದ್ರ ತೀರಾ ದೂರವೇನಲ್ಲ. ಆಂಬೋಲಿ ಘಾಟ್ ಇಳಿದರೆ ಸಿಂಧುದುರ್ಗ. ಅಲ್ಲಿನ ಮಾಲವಣದ ಕಡಲು 1987ರಿಂದ ಸಾಗರ ಅಭಯಾರಣ್ಯ. ಸಿಂಧುದುರ್ಗ ಕೋಟೆ ನೋಡಲು ಹೋದ ಬೆಳಗಾವಿಯ ಎಷ್ಟೋ ಕುಟುಂಬಗಳು ಅಲ್ಲಿ ಸ್ನಾರ್ಕೆಲ್ ಕಟ್ಟಿಕೊಂಡು ನೀರಿಗೆ ತಲೆ ಅದ್ದಿ ಬಂದಿವೆ. ಇನ್ನೂ ಮುಂದೆ, ವಿಜಯದುರ್ಗದಿಂದ ಸುಮಾರು 105 ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದೊಳಗೆ ಮುಳುಗಿರುವ ಆಂಗ್ರಿಯಾ ಬ್ಯಾಂಕ್ ಎಂಬ ವಿಶಾಲ ಹವಳದ ಪ್ರಸ್ಥಭೂಮಿ ಇದೆ. ಮರಾಠಾ ನೌಕಾಪಡೆಯ ಕಾನ್ಹೋಜಿ ಆಂಗ್ರೆಯ ಹೆಸರು ಅದಕ್ಕೆ. ಅದರ ಅತ್ಯಂತ ಎತ್ತರದ ನೆತ್ತಿಯೂ ನೀರಿನಿಂದ ಸುಮಾರು 20 ಮೀಟರ್ ಕೆಳಗಿದೆ. ನಮ್ಮ ರಾಜ್ಯದೊಳಗೆ ಹುಡುಕಿದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಡೈವಿಂಗ್ ಕಲಿಯುವವರು ಹೋಗುವುದು ಅಲ್ಲಿಗೇ.

ಈ ಹವಳಗಳಿಗೆಲ್ಲ ಕಾನೂನಿನ ರಕ್ಷಣೆ ಇದೆ. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸೀ ಫ್ಯಾನ್‌ಗಳನ್ನು ಸೇರಿಸಿತು. ಹುಲಿಗೆ ಇರುವ ದರ್ಜೆಯೇ ಅವುಗಳಿಗೂ. ಕಡಲಕುದುರೆಗಳು, ಕಡಲಸೌತೆಗಳು ಕೂಡ ಅದೇ ವರ್ಷ ರಕ್ಷಣೆ ಪಡೆದವು. 2022ರ ತಿದ್ದುಪಡಿ ಪರಿಚ್ಛೇದಗಳನ್ನು ಮರುಜೋಡಿಸಿತು, ಹವಳದ ರಕ್ಷಣೆಯನ್ನು ಸಡಿಲಿಸಲಿಲ್ಲ. ಅದರ ಜೊತೆಗೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಮನೆಯಲ್ಲಿಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂಬ ನಿಯಮವನ್ನೂ ತಂದಿತು. ‘ವಿದೇಶದ್ದು, ಎಲ್ಲರೂ ಇಡುತ್ತಾರೆ’ ಎಂದು ಅಂಗಡಿಯವರು ಹೇಳಿದರೆಂದು ಗಟ್ಟಿ ಹವಳದ ತುಂಡನ್ನು ಮನೆಗೆ ತರುವುದು ಸಣ್ಣ ವಿಷಯವಲ್ಲ. ಹವಳದ ಗೂಡು, ಹವಳದ ಪುಡಿ ಮೆತ್ತಿದ ಸಮುದ್ರದ ಕಲ್ಲಿಗೂ ಇದೇ ಮಾತು.

ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಮನಸ್ಸು ಒಪ್ಪಬಾರದು. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಸಮುದ್ರದ ಬಿಸಿ ತಾಳಲಾರದೆ ಬಿಳುಚಿಕೊಂಡವು. ಹವಳದ ಮೈಯೊಳಗೆ ಬಾಳುವ ಸೂಕ್ಷ್ಮ ಪಾಚಿ ಅದಕ್ಕೆ ಅನ್ನ ಉಣ್ಣಿಸುತ್ತದೆ. ನೀರು ಕೆಲವು ವಾರ ಮಾಮೂಲಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಹಸಿಯುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಒಂದು ಸಲದ ಹೊಡೆತದಿಂದ ಚೇತರಿಸಿಕೊಳ್ಳಲು ಬೇಕಾದಷ್ಟು ವರ್ಷಗಳೇ ಈಗ ನಡುವೆ ಸಿಗುತ್ತಿಲ್ಲ. ಅಂಥ ಕಡೆಯಿಂದ ಒಂದು ತುಂಡು ಮುರಿದು ಅನಗೋಳದ ನಡುಮನೆಗೆ ತರುವುದರಲ್ಲಿ ಯಾವ ಅಂದವೂ ಇಲ್ಲ.

ಗಟ್ಟಿ ಹವಳವಿಲ್ಲದ ಟ್ಯಾಂಕನ್ನು ರೀಫ್ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಎನ್ನಬಹುದು. ಹವಳದ ದಿಬ್ಬದಲ್ಲಿ ಹವಳವೇ ಎಲ್ಲವೂ ಅಲ್ಲ. ಕಲ್ಲಿನ ಮೇಲೆ ಗುಲಾಬಿ, ನೇರಳೆ ಬಣ್ಣದ ಗಟ್ಟಿ ಪೊರೆಯಾಗಿ ಹಬ್ಬುವ ಕೋರಲೈನ್ ಪಾಚಿ ಇದೆಯಲ್ಲ, ಬಿಡಿ ತುಂಡುಗಳನ್ನು ಬೆಸೆದು ದಿಬ್ಬವನ್ನು ಅಲೆಯ ಹೊಡೆತಕ್ಕೆ ನಿಲ್ಲುವಂತೆ ಮಾಡುವುದರಲ್ಲಿ ಅದರ ಪಾಲು ದೊಡ್ಡದು. ಹೆಚ್ಚಿನ ಪ್ರವಾಸಿಗರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಸ್ಪಂಜುಗಳು ನೀರನ್ನು ಸೋಸುತ್ತವೆ. ಸುಣ್ಣದ ಕೊಳವೆಯೊಳಗೆ ಕೂತ ಹುಳುಗಳು ಬೀಸಣಿಗೆಯನ್ನು ಹೊರಚಾಚಿ ತೇಲಿಬಂದ ಕಣ ಹಿಡಿಯುತ್ತವೆ. ರಾತ್ರಿ ಟಾರ್ಚ್ ಹಾಕಿದರೆ ಗಾಜಿನ ಮೇಲೆ ಚುಕ್ಕೆಯಷ್ಟಿರುವ ಕೋಪೆಪಾಡ್‌ಗಳು ಓಡಾಡುತ್ತವೆ. ಶಂಖದ ಹುಳು ಪಾಚಿ ಮೇಯುತ್ತದೆ, ಸಿಗಡಿ ಬಂಡೆಯ ಸಂದಿಯಿಂದ ಮೀಸೆ ಆಡಿಸುತ್ತದೆ. ಎರಡು ಅಡಿ ಗಾಜಿನೊಳಗೆ ಇಷ್ಟನ್ನು ಬದುಕಿಸಿದರೆ ಅದು ರೀಫೇ. ಗಟ್ಟಿ ಹವಳ ಇಟ್ಟವರು ದಿನವೂ ಕ್ಯಾಲ್ಸಿಯಂ, ಕ್ಷಾರತೆ, ಮೆಗ್ನೀಸಿಯಂ ಅಳೆದು ತುಂಬುತ್ತ ಇರಬೇಕು, ಏಕೆಂದರೆ ಹವಳ ತನ್ನ ಗೂಡಿಗಾಗಿ ಅವನ್ನು ನೀರಿನಿಂದ ಎಳೆದುಕೊಳ್ಳುತ್ತಲೇ ಇರುತ್ತದೆ. ನಮ್ಮ ಟ್ಯಾಂಕಿಗೆ ಆ ತಾಪತ್ರಯವಿಲ್ಲ. ಕೋರಲೈನ್ ಪಾಚಿಗೆ, ಶಂಖಗಳಿಗೆ ಬೇಕಾದಷ್ಟು ಕ್ಯಾಲ್ಸಿಯಂ ವಾರದ ನೀರು ಬದಲಾವಣೆಯಲ್ಲೇ ಬರುತ್ತದೆ.

ಕಲ್ಲಿನ ವಿಷಯಕ್ಕೆ ಬರೋಣ. ಈಗ ಅಂಗಡಿಗಳಲ್ಲಿ ಒಣ ಕಲ್ಲು ಸಿಗುತ್ತದೆ. ಕೆಲವು ಸೆರಾಮಿಕ್‌ನಿಂದ, ಕೆಲವು ಸಿಮೆಂಟು, ಸುಣ್ಣಕಲ್ಲಿನ ಚೂರು ಕಲಸಿ ಮಾಡಿದವು. ರಂಧ್ರಗಳಿದ್ದು ಹಗುರವಾಗಿದ್ದಷ್ಟೂ ಒಳ್ಳೆಯದು. ನಮ್ಮ ಜಿಲ್ಲೆಯ ಸುಣ್ಣಕಲ್ಲನ್ನೇ ಬಳಸಬಹುದೇ ಎಂದು ಕೇಳುವವರಿದ್ದಾರೆ. ಇದರ ಬಗ್ಗೆ ಒಂದು ಸೋಜಿಗ ಹೇಳಬೇಕು. ಬಾಗಲಕೋಟೆಯ ಕಲಾದಗಿಯ ಹೆಸರು ಹೊತ್ತ ಶಿಲಾಸಮೂಹ ಬೆಳಗಾವಿ ಜಿಲ್ಲೆಯವರೆಗೂ ಹಬ್ಬಿದೆ. ಅದರ ಸುಣ್ಣಕಲ್ಲಿನ ಪದರಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳು ಆಳವಿಲ್ಲದ ಪ್ರಾಚೀನ ಕಡಲಿನಲ್ಲಿ ಪದರದ ಮೇಲೆ ಪದರ ಕಟ್ಟಿದ ದಿಬ್ಬಗಳವು, ನೂರು ಕೋಟಿ ವರ್ಷಗಳಿಗೂ ಹಿಂದಿನವು. ಪ್ರಾಣಿಗಳೇ ಇಲ್ಲದ ಕಾಲದಲ್ಲಿ, ಹವಳ ಹುಟ್ಟುವ ಮುಂಚೆ, ಈ ನಾಡಿನಲ್ಲಿ ರೀಫ್ ಇತ್ತು! ಆದರೆ ಆ ಕಲ್ಲು ಈಗ ಒತ್ತೊತ್ತಾಗಿ ಗಟ್ಟಿಯಾಗಿದೆ. ನೀರಿನಲ್ಲಿಟ್ಟರೆ ಹಾನಿ ಇಲ್ಲದಿದ್ದರೂ ಬ್ಯಾಕ್ಟೀರಿಯಾ ಒಳಹೊಕ್ಕು ಮನೆ ಮಾಡಲು ಜಾಗವಿಲ್ಲ. ಅದು ಬಂಡೆಯಲ್ಲೇ ಇರಲಿ, ನೋಡಲು ನಾವೇ ಅಲ್ಲಿಗೆ ಹೋಗೋಣ.

ಒಣ ಕಲ್ಲಿನಲ್ಲಿ ಜೀವವಿಲ್ಲ. ಅದನ್ನು ಜೀವಂತ ಮಾಡಲು ಹಾಲಿಗೆ ಹೆಪ್ಪು ಹಾಕಿದಂತೆ ಹಳೆಯ ಟ್ಯಾಂಕಿನಿಂದ ಒಂದು ಮುಷ್ಟಿ ಮರಳು, ಒಂದು ಚಿಕ್ಕ ಕಲ್ಲು ತಂದು ಸೇರಿಸಬೇಕು. ಪರಿಚಯದ ಹವ್ಯಾಸಿಯೊಬ್ಬರು ಕೊಟ್ಟರೆ ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ. ಗುಲಾಬಿ ಪಾಚಿಯ ಬೀಜವೂ ಅದರೊಂದಿಗೇ ಬರುತ್ತದೆ, ಶಂಖದ ಚಿಪ್ಪಿನ ಮೇಲೂ ಬರುತ್ತದೆ.

ಇನ್ನು ನೀರು. ಅನಗೋಳದ ನಳದಲ್ಲಿ ಬರುವುದು ರಕ್ಕಸಕೊಪ್ಪ ಅಥವಾ ಹಿಡಕಲ್ ಜಲಾಶಯದ ನೀರು. ಮಾರ್ಕಂಡೇಯ ನದಿಯದು ಮೊದಲನೆಯದು, ಘಟಪ್ರಭೆಯದು ಎರಡನೆಯದು. ಕುಡಿಯಲು ಒಳ್ಳೆಯದೇ, ಆದರೆ ಅದರಲ್ಲಿ ಕ್ಲೋರಿನ್ ಇದೆ. ಈ ಭಾಗದ ಹಲವು ಮನೆಗಳಲ್ಲಿ ಇನ್ನೂ ಬಾವಿ ಇದೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಹೆಮ್ಮೆ ಇರುವ ಊರಿನಲ್ಲಿ ಬಾವಿ ನೀರೇ ಶ್ರೇಷ್ಠ ಎಂಬ ಮಾತು ಸಹಜ. ಟ್ಯಾಂಕಿನ ಮಟ್ಟಿಗೆ ಅದು ನಡೆಯುವುದಿಲ್ಲ. ಬಾವಿ, ಬೋರ್‌ವೆಲ್ ನೀರಿನಲ್ಲಿ ಕರಗಿದ ಖನಿಜ, ನೈಟ್ರೇಟ್, ಫಾಸ್ಫೇಟ್ ಎಷ್ಟಿದೆಯೋ ಅಷ್ಟೂ ಪಾಚಿಗೆ ಗೊಬ್ಬರ. ಅಡುಗೆಮನೆಯ ಆರ್‌ಒ ಯಂತ್ರದ ನೀರು ಪರವಾಗಿಲ್ಲ. ಆದರೆ ಆ ಯಂತ್ರಗಳಲ್ಲಿ ಹಲವು ರುಚಿಗೆಂದು ಖನಿಜ ಮರಳಿ ಸೇರಿಸುತ್ತವೆ. ಆರ್‌ಒ ನಂತರ ಉಳಿದ ಖನಿಜವನ್ನೂ ಹೀರುವ ಡಿಐ ರಾಳದ ಒಂದು ಕೊಳವೆ ಇಟ್ಟು, ಕರಗಿದ ಖನಿಜ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರನ್ನು ಬಳಸುವುದು ಉತ್ತಮ. ಈ ಹವ್ಯಾಸದಲ್ಲಿ ಹಣ ಹಾಕಬೇಕಾದ ಜಾಗ ಒಂದಿದ್ದರೆ ಇದೇ.

ಉಪ್ಪು ಕಲಸುವುದು ಹೇಗೆಂದರೆ ಒಂದು ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು, ಕಲ್ಲುಪ್ಪು ಆಗದು. ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಶೇ 85ರಷ್ಟು. ಮಿಕ್ಕದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಜೀವ ನಿಂತಿರುವುದು ಆ ಮಿಕ್ಕದ್ದರ ಮೇಲೆಯೂ. ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಜಗತ್ತಿನ ಸಮುದ್ರಗಳನ್ನು ಸುತ್ತಿ ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಪರೀಕ್ಷಿಸಿ, ಫಲಿತಾಂಶವನ್ನು 1884ರಲ್ಲಿ ಪ್ರಕಟಿಸಿದರು. ನೀರು ಎಲ್ಲಿಯದಾದರೂ ಈ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಹೆಚ್ಚು ಕಡಿಮೆ ಒಂದೇ ಎಂದು ಅದರಿಂದ ಖಚಿತವಾಯಿತು. ಹಾಗಾಗಿಯೇ ಡಬ್ಬಿಯಲ್ಲಿ ಬರುವ ಅಕ್ವೇರಿಯಂ ಉಪ್ಪಿನಿಂದ ಎರಡೂವರೆ ಸಾವಿರ ಅಡಿ ಎತ್ತರದ ಬೆಳಗಾವಿಯಲ್ಲೂ ಸಮುದ್ರದ ನೀರನ್ನು ಕಲಸಬಹುದು.

ಗೋವಾದಿಂದ ಕ್ಯಾನ್ ತುಂಬಿ ತರಬಾರದೇ? ಚೋರ್ಲಾ ಘಾಟ್ ದಾಟಿದರೆ ಸಮುದ್ರ, ವಾರಾಂತ್ಯಕ್ಕೆ ಹೇಗೂ ಹೋಗುತ್ತೇವೆ ಎನ್ನುವವರು ಬಹಳ. ಇಲ್ಲೊಂದು ಭೂಗೋಳದ ಸಂಗತಿ ನೆನಪಿಡಬೇಕು. ಖಾನಾಪುರ ತಾಲ್ಲೂಕಿನ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹೊರಟು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ನಡೆಯುತ್ತದೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು, ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು, ಪಣಜಿಯ ಬಳಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಅಂದರೆ ಆಗಸ್ಟ್‌ನಲ್ಲಿ ಪಣಜಿಯ ದಂಡೆಯಲ್ಲಿ ತುಂಬಿದ ಕ್ಯಾನಿನಲ್ಲಿ ಖಾನಾಪುರದ ಮಳೆಯ ಪಾಲೂ ಇರುತ್ತದೆ. ಮಳೆಗಾಲದಲ್ಲಿ ದಂಡೆಯ ನೀರಿನ ಉಪ್ಪು ಇಳಿಯುತ್ತದೆ, ಹೂಳು, ಊರಿನ ಕೊಳಚೆ, ದೋಣಿಗಳ ಎಣ್ಣೆ ಸೇರುತ್ತದೆ. ದಂಡೆಯ ನೀರು ನಂಬುವಂಥದ್ದಲ್ಲ.

ಉಪ್ಪುನೀರು ಕಲಸಲು ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಕೆಟ್ ಬೇಕು. ನಮ್ಮ ಕಡೆ ಮನೆಮನೆಯಲ್ಲೂ ತಾಮ್ರದ ಹಂಡೆ, ಹಿತ್ತಾಳೆಯ ಕೊಡ ಇರುತ್ತವೆ. ಅವುಗಳ ಹತ್ತಿರವೂ ಈ ನೀರು ಸುಳಿಯಬಾರದು. ಸಿಗಡಿ, ಶಂಖದ ಹುಳುಗಳಿಗೆ ತಾಮ್ರ ಕಡು ವಿಷ. ಮೀನಿನ ರೋಗಕ್ಕೆಂದು ಅಂಗಡಿಯಲ್ಲಿ ಕೊಡುವ ಎಷ್ಟೋ ಔಷಧಿಗಳಲ್ಲೂ ತಾಮ್ರವೇ ಇರುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಜಿರಲೆ ಸ್ಪ್ರೇ ಕೂಡದು, ಅವುಗಳಲ್ಲಿರುವ ಕೀಟನಾಶಕಕ್ಕೆ ಸಿಗಡಿಯೂ ಬಲಿಯಾಗುತ್ತದೆ.

ಹವೆಯ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಟ್ಯಾಂಕಿನ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ಇದು ಕಷ್ಟ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕಾದರೂ ರಾತ್ರಿ ತಂಪಾಗುತ್ತದೆ. ನೀರಿನ ಮೇಲೆ ಗಾಳಿ ಬೀಸುವ ಚಿಕ್ಕ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಲ್ಲದು. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳು ನೀರನ್ನು ಕಾಯಿಸಿಬಿಡುತ್ತಿದ್ದವು, ಈಗಿನ ಎಲ್‌ಇಡಿಗೆ ಆ ದೋಷ ಕಡಿಮೆ. ಡಿಸೆಂಬರ್, ಜನವರಿಯ ಚಳಿಗೆ ಮಾತ್ರ 100 ವ್ಯಾಟಿನ ಹೀಟರ್ ಬೇಕೇ ಬೇಕು.

ಚಿಂತೆ ಇರುವುದು ಮಳೆಗಾಲದ ಕರೆಂಟಿನದು. ಜುಲೈನ ಗಾಳಿಮಳೆಗೆ ಮರದ ಟೊಂಗೆ ತಂತಿಯ ಮೇಲೆ ಬಿದ್ದು ಗಂಟೆಗಟ್ಟಲೆ ಕತ್ತಲಾಗುವುದು ಇಲ್ಲಿ ಹೊಸದಲ್ಲ. 25 ಡಿಗ್ರಿಯಲ್ಲಿ ಸಿಹಿನೀರು ಒಂದು ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದಿಟ್ಟರೆ ಸಮುದ್ರದ ನೀರು ಹಿಡಿಯುವುದು ಸುಮಾರು 6.7 ಮಿಲಿಗ್ರಾಂ. ಪಂಪು ನಿಂತರೆ ಮೊದಲು ಕಾಡುವುದು ಉಸಿರು. ಬ್ಯಾಟರಿಯ ಏರ್ ಪಂಪು ಒಂದು ಕೈಗೆಟಕುವ ಕಡೆ ಇರಲಿ, ಮನೆಯ ಇನ್ವರ್ಟರಿಗೆ ಪಂಪಿನ ಪ್ಲಗ್ ಇರಲಿ. ದೀಪ ಕೆಲವು ಗಂಟೆ ಇಲ್ಲದಿದ್ದರೆ ಏನೂ ಆಗದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಹಾಗಾಗಿ ವೈರುಗಳು ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರುವಂತಿರಬೇಕು. ಆಗ ಹನಿ ಇಳಿದರೂ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಆ ಲೈನಿಗೆ ಶಾಕ್ ತಡೆಯುವ ಆರ್‌ಸಿಸಿಬಿ ಹಾಕಿಸುವುದನ್ನು ಮುಂದೂಡಬೇಡಿ.

ಟ್ಯಾಂಕಿನ ಅಳತೆ? ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಲೆಕ್ಕಕ್ಕೆ 88 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಅಂಚು ಕಳೆದರೆ 70 ಲೀಟರ್ ನೀರು. ತೀರಾ ಚಿಕ್ಕದು ಸುಲಭ ಎಂಬ ಭಾವನೆ ಇದೆ, ಅದು ಸರಿಯಲ್ಲ. ನೀರು ಕಡಿಮೆಯಾದಷ್ಟೂ ಬಿಸಿಯೂ ಉಪ್ಪೂ ಬೇಗ ಏರುಪೇರಾಗುತ್ತವೆ. ಅಟ್ಟದ ಹಳೆ ಟ್ಯಾಂಕಿನ ಸಿಲಿಕೋನ್ ಒಣಗಿದ್ದರೆ ಅದನ್ನು ಬಿಟ್ಟು ಹೊಸದು ಮಾಡಿಸುವುದೇ ಕ್ಷೇಮ. ತುಂಬಿದ ಟ್ಯಾಂಕ್ ಸುಲಭವಾಗಿ 100 ಕಿಲೋ ದಾಟುತ್ತದೆ. ಫೌಂಡ್ರಿ, ಲೇತ್‌ಗಳ ಉದ್ಯಮಬಾಗ್ ಅನಗೋಳಕ್ಕೆ ಹೊಂದಿಕೊಂಡೇ ಇದೆ, ಗಟ್ಟಿಮುಟ್ಟಾದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಲು ಇದಕ್ಕಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಬಣ್ಣ ಹಚ್ಚಿಸುವಾಗ ತುಕ್ಕು ತಡೆಯುವ ಪ್ರೈಮರ್ ಎರಡು ಕೋಟು ಕೇಳಿ. ಒಳಗೆ ಕಲ್ಲು, ಒಂದಂಗುಲ ಮರಳು, ನೀರನ್ನು ಸುತ್ತಿಸುವ ಒಂದು ಚಿಕ್ಕ ಪಂಪು, ಹಿಂದೆ ತೂಗುವ ಒಂದು ಫಿಲ್ಟರ್, ಹೀಟರ್, ಎಲ್‌ಇಡಿ. ಉಪ್ಪನ್ನು ಅಳೆಯಲು ರಿಫ್ರ್ಯಾಕ್ಟೋಮೀಟರ್. ವಿಶಿಷ್ಟ ಸಾಂದ್ರತೆ 1.025 ತೋರಿಸಬೇಕು.

ಆಮೇಲಿನದು ಕಾಯುವ ಕೆಲಸ. ಟ್ಯಾಂಕ್ ತುಂಬಿದ ಮೇಲೆ ನಾಲ್ಕರಿಂದ ಆರು ವಾರ ಅದರಲ್ಲಿ ಮೀನು ಇರಬಾರದು. ಚೂರು ಸಿಗಡಿ ಮಾಂಸವನ್ನೋ ಅಮೋನಿಯಾದ ಹನಿಗಳನ್ನೋ ಹಾಕಿ ಬ್ಯಾಕ್ಟೀರಿಯಾಕ್ಕೆ ಊಟ ಕೊಟ್ಟು, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯುವುದನ್ನು, ನೈಟ್ರೈಟ್ ಏರಿ ಇಳಿಯುವುದನ್ನು ನೋಡಬೇಕು. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದಾಗ ಟ್ಯಾಂಕ್ ಸಿದ್ಧ. ಈ ದಿನಗಳಲ್ಲಿ ಮನೆಗೆ ಬಂದವರಿಗೆ ಏನು ಹೇಳುವುದು ಎಂಬುದೇ ಕಷ್ಟ. ‘ಇದರಾಗ ಬರೇ ಕಲ್ಲು ಅದಾವಲ್ರೀ, ಮೀನ ಎಲ್ಲಿ?’ ಎಂದು ನಮ್ಮ ಓಣಿಯ ಕಾಕು ಬಂದಾಗಲೆಲ್ಲ ಕೇಳುತ್ತಿದ್ದರು. ‘ನೀರು ಹದಕ್ಕ ಬರಾಕತ್ತೇತ್ರಿ ಕಾಕು, ಇನ್ನಷ್ಟ ದಿನಾ ತಡೀರಿ’ ಎಂದರೆ ಅವರು ಟ್ಯಾಂಕಿನ ಮುಂದೆ ಕೂತು ಕಲ್ಲನ್ನೇ ಮನಸ್ಸಿಟ್ಟು ನೋಡುತ್ತಿದ್ದರು. ಕೊಳವೆ ಹುಳವೊಂದು ಬೀಸಣಿಗೆ ಬಿಚ್ಚಿದ್ದನ್ನು ನನಗಿಂತ ಮೊದಲು ಕಂಡವರು ಅವರೇ.

ನಡುವೆ ಮರಳಿನ ಮೇಲೆ ಕಂದು ಪುಡಿಯಂಥ ಡಯಾಟಮ್ ಬರುತ್ತದೆ, ಆಮೇಲೆ ಹಸಿರು ಕೂದಲು ಪಾಚಿ. ಮರಳಿ ಬಂದ ಹವ್ಯಾಸಿಗಳಲ್ಲಿ ಬಹಳ ಮಂದಿ ಕೈಚೆಲ್ಲುವುದು ಈ ಘಟ್ಟದಲ್ಲಿ. ಬಾಟಲಿ ಔಷಧಿ ಸುರಿಯುವ ಆಸೆಯಾಗುತ್ತದೆ. ಸುರಿಯಬಾರದು. ದೀಪವನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ, ಪಾಚಿಯನ್ನು ಕೈಯಿಂದ ಕಿತ್ತು, ಕೆಲವು ಶಂಖದ ಹುಳುಗಳನ್ನು ಬಿಟ್ಟು ಸುಮ್ಮನಿದ್ದರೆ ಕಲ್ಲಿನ ಮೇಲೆ ಒಂದು ದಿನ ಗುಲಾಬಿ ಚುಕ್ಕೆ ಕಾಣಿಸುತ್ತದೆ. ಅದು ಕೋರಲೈನ್ ಪಾಚಿ. ಟ್ಯಾಂಕ್ ನೆಲೆ ನಿಂತಿತು ಎಂಬುದಕ್ಕೆ ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೀನು ಯಾವುದು ಎಂಬ ಪ್ರಶ್ನೆಗೆ ಉತ್ತರ ಅದೇ ನೀಮೋ, ಅಂದರೆ ಕ್ಲೌನ್‌ಫಿಶ್; ಆದರೆ ಸಾಕಣೆಯಲ್ಲಿ ಹುಟ್ಟಿದ್ದು. ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಇಂದಿಗೂ ಸಮುದ್ರದಿಂದ ಹಿಡಿದು ತಂದವೇ. ಕ್ಲೌನ್‌ಫಿಶ್ ಇದಕ್ಕೆ ಹೊರತು. ಕೊಚ್ಚಿಯಲ್ಲಿ ಮುಖ್ಯ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತನ್ನ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ, ಅಣ್ಣಾಮಲೈ ವಿಶ್ವವಿದ್ಯಾಲಯ ಪರಂಗಿಪೇಟೆಯಲ್ಲಿ ಇದರ ಮರಿ ಮಾಡುವ ವಿಧಾನ ಸಿದ್ಧಪಡಿಸಿವೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ದ್ವೀಪದ ಮಹಿಳೆಯರಿಗೆ ಅಲಂಕಾರಿಕ ಸಿಗಡಿ ಸಾಕಣೆಯ ತರಬೇತಿ ಕೊಟ್ಟಿದೆ. ದಿಬ್ಬವನ್ನು ಮುಟ್ಟದೆ ದಿಬ್ಬದ ಜೀವಿಗಳಿಂದ ದ್ವೀಪದವರಿಗೆ ಸಂಪಾದನೆ ಆಗುವುದಾದರೆ, ನಮ್ಮಂಥ ಕೊಳ್ಳುವವರು ಕೇಳಿ ಕೇಳಿ ಅಂಥದ್ದನ್ನೇ ಕೊಳ್ಳಬೇಕು. ‘ಇದು ಹ್ಯಾಚರಿಯದೋ, ಸಮುದ್ರದ್ದೋ?’ ಎಂದು ಕೇಳುವ ಗಿರಾಕಿಗಳು ಹೆಚ್ಚಾದರೆ ಅಂಗಡಿಯವರೂ ತರಿಸುತ್ತಾರೆ. ಹ್ಯಾಚರಿಯ ಮರಿ ಕಾಳು ತಿನ್ನಲು ಹುಟ್ಟಿನಿಂದಲೇ ಕಲಿತಿರುತ್ತದೆ, ರೋಗವೂ ಕಡಿಮೆ.

ಗಾತ್ರದಲ್ಲಿ ಬೇರೆ ಬೇರೆಯಾದ ಎರಡು ಎಳೆ ಕ್ಲೌನ್‌ಫಿಶ್ ತನ್ನಿ. ಹುಟ್ಟುವಾಗ ಇವೆಲ್ಲ ಗಂಡು. ಜೊತೆಯಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ. ಸಿನಿಮಾ ನೋಡಿದವರು ಈ ಮೀನು ಆಸರೆ ಪಡೆಯುವ ಅನಿಮೋನ್ ಎಂಬ ಜೀವಿಯೂ ಬೇಕೆನ್ನುತ್ತಾರೆ, ಬೇಡ. ಟ್ಯಾಂಕಿನಲ್ಲಿ ಕ್ಲೌನ್‌ಫಿಶ್‌ಗೆ ಅದು ಅನಿವಾರ್ಯವಲ್ಲ, ಮತ್ತು ಅನಿಮೋನ್ ಹೊಸ ಟ್ಯಾಂಕಿನಲ್ಲಿ ಉಳಿಯುವುದು ಕಷ್ಟ. ಜೊತೆಗೊಂದು ಗೋಬಿ ಮೀನು, ಒಂದೆರಡು ಸಿಗಡಿ. 70 ಲೀಟರಿಗೆ ಇಷ್ಟೇ. ನೀಲಿ ಟ್ಯಾಂಗ್ ಬೆಳೆದರೆ ಒಂದು ಅಡಿ, ಮ್ಯಾಂಡರಿನ್ ಮೀನು ದಿನವಿಡೀ ಕೋಪೆಪಾಡ್ ಹುಡುಕುತ್ತ ಹಸಿದು ಸಾಯುತ್ತದೆ, ಚಿಟ್ಟೆಮೀನುಗಳಲ್ಲಿ ಹಲವು ಹವಳವನ್ನೇ ತಿಂದು ಬದುಕುವವು. ಇವನ್ನು ಅಂಗಡಿಯಲ್ಲಿ ನೋಡಿ ಸಂತೋಷಪಟ್ಟು ಬಂದರೆ ಸಾಕು. ಮೃದು ಜೀವಿಗಳಲ್ಲಿ ಝೋವಾಂತಿಡ್ ಎಂಬ ಬಣ್ಣಬಣ್ಣದ ಗುಂಡಿಗಳನ್ನು ಯಾರಾದರೂ ಕೊಟ್ಟರೆ ಎಚ್ಚರ ಬೇಕು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ, ಉಜ್ಜಿ ತೊಳೆಯಲು ಹೋದ ಮನೆಯವರು ಆವಿಯಿಂದಲೇ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಚಿಕ್ಕ ಮಕ್ಕಳಿರುವ ಮನೆಗೆ ಅವು ಬೇಡವೇ ಬೇಡ.

ವಾರದ ಕೆಲಸ ಅರ್ಧ ಗಂಟೆಯದು. 7 ಲೀಟರ್ ನೀರು ತೆಗೆದು, 250 ಗ್ರಾಂ ಉಪ್ಪು ಕಲಸಿದ ಹೊಸ ನೀರು ಹಾಕಬೇಕು. ಉಪ್ಪನ್ನು ಹಿಂದಿನ ದಿನವೇ ಕಲಸಿ, ಪಂಪಿನಿಂದ ತಿರುಗಿಸಿಡುವುದು ಒಳ್ಳೆಯದು. ಗಾಜಿಗೆ ಒಂದು ಟೇಪ್ ಅಂಟಿಸಿ ನೀರಿನ ಮಟ್ಟ ಗುರುತಿಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲ. ಹಾಗಾಗಿ ದಿನವೂ ತುಂಬಬೇಕಾದದ್ದು ಶುದ್ಧ ಸಿಹಿನೀರು. ಮಳೆಗಾಲದಲ್ಲಿ ಆವಿಯಾಗುವುದು ಕಡಿಮೆ. ಚಳಿಗಾಲದ ಒಣ ಗಾಳಿಯಲ್ಲಿ, ಬೇಸಿಗೆಯಲ್ಲಿ ಫ್ಯಾನ್ ಹಾಕಿದಾಗ ಟೇಪಿನ ಕೆಳಗೆ ನೀರು ಎಷ್ಟು ಬೇಗ ಇಳಿಯುತ್ತದೆಂದು ಹೊಸಬರಿಗೆ ಆಶ್ಚರ್ಯವಾದೀತು. ತೆಗೆದ ಉಪ್ಪುನೀರನ್ನು ಹಿತ್ತಲಿನ ಗಿಡಕ್ಕೆ ಹಾಕಬೇಡಿ, ಬಚ್ಚಲಿಗೆ ಚೆಲ್ಲಿ.

ಹವ್ಯಾಸ ಬಿಡಬೇಕಾಗಿ ಬಂದರೆ ಜೀವಿಗಳನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ, ಹಳ್ಳಕೊಳ್ಳಕ್ಕಲ್ಲ. ಟ್ಯಾಂಕಿಗೆ ದೊಡ್ಡದಾಯಿತೆಂದು ಜನ ಕೆರೆಗೆ ಬಿಟ್ಟ ಸಕ್ಕರ್ ಮೀನು ಇಂದು ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಸ್ಥಳೀಯ ಮೀನುಗಳ ಜಾಗ ಕಸಿದಿದೆ. ಉಪ್ಪುನೀರಿನಲ್ಲೂ ಇಂಥದ್ದೇ ಆಗಿದೆ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕಾಲರ್ಪಾ ಪಾಚಿಯ ಒಂದು ಪುಟ್ಟ ಮಡಿ 1984ರಲ್ಲಿ ಮೊನಾಕೊದ ಕಡಲ ತಳದಲ್ಲಿ ಕಂಡಿತು. ಮುಂದೆ ಅದು ಮೆಡಿಟರೇನಿಯನ್ನಿನ ಸಾವಿರಾರು ಎಕರೆಗೆ ಹಬ್ಬಿತು. ಪಾಚಿ ಕಿತ್ತಾಗ ಬಿಸಿಲಿಗೆ ಒಣಗಿಸಿ ಕಸಕ್ಕೆ ಹಾಕುವ ಅಭ್ಯಾಸ ಮೊದಲಿನಿಂದಲೇ ಇರಲಿ.

ಇನ್ನು ಖಾನಾಪುರದ ಕುಂಬಾರರಿಂದ ಕೊಳ್ಳಬೇಕಾದ ವಸ್ತು ಒಂದಿದೆ. ಆ ಊರಿನ ಜೇಡಿಮಣ್ಣು, ಹೆಂಚು, ಮಡಿಕೆಗಳ ಹೆಸರು ದೊಡ್ಡದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ. ಬಣ್ಣ, ಮೆರುಗು ಹಚ್ಚದ ಒಂದು ಚಿಕ್ಕ ಮಡಿಕೆಯನ್ನು ಕೆಲವು ದಿನ ಶುದ್ಧ ನೀರಿನಲ್ಲಿ ನೆನೆಸಿ, ಟ್ಯಾಂಕಿನ ಮೂಲೆಯಲ್ಲಿ ಅಡ್ಡ ಮಲಗಿಸಿ. ಹ್ಯಾಚರಿಗಳಲ್ಲಿ ಕ್ಲೌನ್‌ಫಿಶ್‌ಗೆ ಮೊಟ್ಟೆ ಇಡಲೆಂದು ಕೊಡುವುದು ಮಣ್ಣಿನ ಮಡಿಕೆ, ಹೆಂಚುಗಳನ್ನೇ. ಜೋಡಿ ಬಲಿತ ಮೇಲೆ ಗಂಡು ಮಡಿಕೆಯ ಒಳಮೈಯನ್ನು ಬಾಯಿಯಿಂದ ಸ್ವಚ್ಛ ಮಾಡುತ್ತದೆ, ಹೆಣ್ಣು ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ. ಆಮೇಲೆ ರೆಕ್ಕೆ ಬೀಸಿ ಗಾಳಿಯಾಡಿಸುವುದು ಬಹುತೇಕ ಗಂಡಿನದೇ ಕೆಲಸ. ವಾರದೊಳಗೋ ತುಸು ಹೆಚ್ಚು ಕಡಿಮೆಯೋ, ದೀಪ ಆರಿದ ಮೇಲೆ ಮರಿಗಳು ಒಡೆದು ಹೊರಬರುತ್ತವೆ. ಅವುಗಳ ಬಾಯಿಗೆ ಹಿಡಿಸುವುದು ರೋಟಿಫರ್‌ನಂಥ ಸೂಕ್ಷ್ಮ ಜೀವಿ ಮಾತ್ರ. ಅದನ್ನು ಬೆಳೆಸಲು ಹಸಿರು ಪಾಚಿಯ ನೀರು ಬೇಕು, ಮರಿಗಳಿಗೆ ಬೇರೆ ತೊಟ್ಟಿ ಬೇಕು. ಮೊದಲ ಎರಡು ವಾರ ದಿನಕ್ಕೆ ಹಲವು ಸಲ ನೋಡಿಕೊಳ್ಳುವ ಒಬ್ಬರು ಮನೆಯಲ್ಲಿ ಇರಬೇಕು. ಅಷ್ಟು ಸಿದ್ಧತೆ ಇದ್ದವರು ಮೊಟ್ಟೆ ಕಂಡ ದಿನವೇ ರೋಟಿಫರ್ ಬೆಳೆಸಲು ಶುರುಮಾಡಲಿ. ಮರಿಗಳು ಉಳಿದರೆ ಪಕ್ಕದ ಓಣಿಯ ಹವ್ಯಾಸಿಗೆ ಸಮುದ್ರದ ಮೀನು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.